ಊಟಿ ಬಿಟ್ಟು ಕುಟ್ಟಕ್ಕೆ ಹೋದವರು

ಕಾಲೇಜಿನ ಬೇರೆ ವಿಭಾಗದವರು ವರ್ಷಕ್ಕೊಮ್ಮೆ ಊಟಿಗೋ ಗೋವಾಕ್ಕೋ ಹೋಗಿ ಬಂದು ಫೋಟೋ ತೋರಿಸಿ ಹೊಟ್ಟೆ ಉರಿಸುತ್ತಿದ್ದರೆ, ರಾಜ್ಯಶಾಸ್ತ್ರದವರಾದ ನಮಗೆ ಸಿಗುತ್ತಿದ್ದದ್ದು ಮಡಿಕೇರಿಯಲ್ಲಿ ಸರ್ಕಾರಿ ಬಸ್ಸು ಹತ್ತಿ ಸಂಜೆಯೊಳಗೆ ಮರಳಬಹುದಾದ ಊರುಗಳು. ರೈಲು ಹಳಿಯೇ ಇಲ್ಲದ ಜಿಲ್ಲೆ ನಮ್ಮದು. ಕೊನೆಯ ಬಸ್ಸು ತಪ್ಪಿದರೆ ಕಥೆ ಮುಗಿಯಿತು. 1990ರ ದಶಕದ ಆರಂಭ. ಹೆಣ್ಣುಮಕ್ಕಳ ಓಡಾಟಕ್ಕೆ ಮನೆಯಲ್ಲಿ ಸುಲಭಕ್ಕೆ ಒಪ್ಪಿಗೆ ಸಿಗುತ್ತಿರಲಿಲ್ಲ. "ನಮ್ಮ ತೋಟದ ಪಕ್ಕದಲ್ಲಿರುವ ಆದಿವಾಸಿಗಳ ಹಾಡಿಯನ್ನು ನೋಡಲು ಕಾಲೇಜಿನವರು ಕರೆದುಕೊಂಡು ಹೋಗಬೇಕೇ?" ಎಂದು ಅಪ್ಪ ನಕ್ಕಿದ್ದರು. ಆದರೂ ಕಳುಹಿಸಿದರು.

ನಮ್ಮ ಮೇಷ್ಟ್ರು ಬಯಲುಸೀಮೆಯವರು. ಕೊಡಗಿನ ಮಳೆಯಾಗಲಿ ಜಿಗಣೆಯಾಗಲಿ ಅವರಿಗೆ ಕೊನೆಯವರೆಗೂ ಒಗ್ಗಲಿಲ್ಲ. "ಅಲ್ಲಿ ನೋಡಲು ಏನಿದೆ ಸರ್?" ಎಂದು ಕೇಳಿದವರಿಗೆ ಉತ್ತರ ಕೊಡುತ್ತಿರಲಿಲ್ಲ. ಹೋದ ಊರಲ್ಲಿ ನಾವು ಕೇಳಬೇಕಾದದ್ದು ಎರಡೇ: ಈ ನೆಲ ಯಾರದು? ಇಲ್ಲಿ ಕೂಲಿ ಎಷ್ಟು?

ಮೊದಲು ಕರೆದುಕೊಂಡು ಹೋದದ್ದು ಕೋಟೆಗೆ. ನಾವು ಹುಟ್ಟಿದಾಗಿನಿಂದ ನೋಡಿದ್ದ ಕೋಟೆ. ಗಾರೆಯ ಆನೆಗಳ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳದ ಮಡಿಕೇರಿಯ ಮಕ್ಕಳಿಲ್ಲ. ಜಿಲ್ಲಾಧಿಕಾರಿ ಕಚೇರಿ ಆಗ ಒಳಗಿನ ಅರಮನೆಯಲ್ಲೇ ಇತ್ತು. ಅರ್ಜಿ ಹಿಡಿದು ಸಾಲು ನಿಂತವರ ಪಕ್ಕದಲ್ಲೇ ನಮ್ಮನ್ನು ನಿಲ್ಲಿಸಿ, 1834ರಲ್ಲಿ ರಾಜನನ್ನು ಇಳಿಸಿ ಈಸ್ಟ್ ಇಂಡಿಯಾ ಕಂಪನಿ ಕೊಡಗನ್ನು ವಶಪಡಿಸಿಕೊಂಡದ್ದು, 1837ರ ಅಕ್ಟೋಬರ್ 31ರಂದು ಕಂಪನಿಯ ವಿರುದ್ಧ ದಂಗೆಯೆದ್ದ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಇದೇ ಕೋಟೆಯಲ್ಲಿ ಗಲ್ಲಿಗೇರಿಸಿದ್ದು ಹೇಳಿದರು. ಬಳಿಕ 1952ರ ಚುನಾವಣೆ. ಕೊಡಗು ಆಗ ಪ್ರತ್ಯೇಕ ರಾಜ್ಯ. ವಿಧಾನಸಭೆಯ 24 ಸ್ಥಾನಗಳಲ್ಲಿ ಕಾಂಗ್ರೆಸ್ 15 ಗೆದ್ದು ಸಿ. ಎಂ. ಪೂಣಚ್ಚ ಮುಖ್ಯಮಂತ್ರಿಯಾದರು. ಮೈಸೂರಿನೊಂದಿಗೆ ವಿಲೀನ ಬೇಡವೆಂದವರದು ತಕ್ಕಡಿ ಪಕ್ಷ. 1956ರ ನವೆಂಬರ್ 1ಕ್ಕೆ ರಾಜ್ಯವೇ ಮೈಸೂರಿಗೆ ಸೇರಿತು. ಈ ವಿಷಯ ನಮ್ಮ ಮನೆಗಳಲ್ಲಿ ಮದುವೆ ಊಟದ ಪಂಕ್ತಿಯಲ್ಲೂ ಜಗಳಕ್ಕೆ ತಿರುಗುತ್ತಿತ್ತು. ಮೇಷ್ಟ್ರು ಮಾತ್ರ ಯಾರ ಪರವೂ ವಹಿಸದೆ, "ಆಗ ಲೈನ್ ಮನೆಯವರನ್ನು ಯಾರಾದರೂ ಕೇಳಿದ್ದರೇ?" ಎಂದು ಸುಮ್ಮನಾದರು. ಲೈನ್ ಮನೆಯೆಂದರೆ ತೋಟದ ಕೂಲಿಯವರಿರುವ ಸಾಲು ಕೋಣೆಗಳು.

ಕುಟ್ಟದ ಬಸ್ಸು ಹತ್ತಿದಾಗ ಅದಕ್ಕೆ ಉತ್ತರ ಸಿಗತೊಡಗಿತು. ಅಲ್ಲಿಂದ ಗಡಿ ದಾಟಿದರೆ ಕೇರಳದ ತೋಲ್ಪೆಟ್ಟಿ. ಗಡಿಯ ಆಚೆ ಅಡಿಯರೆಂಬ ಆದಿವಾಸಿಗಳು, ಈಚೆ ಎರವರು. ಜನ ಒಂದೇ, ಆಡುವ ನುಡಿಯೂ ಹೆಚ್ಚು ಕಡಿಮೆ ಒಂದೇ. ಭಾಷೆಯ ಲೆಕ್ಕದಲ್ಲಿ ರಾಜ್ಯಗಳ ಗೆರೆ ಎಳೆದವರಿಗೆ ಈ ನುಡಿ ಲೆಕ್ಕಕ್ಕೇ ಬಂದಿರಲಿಲ್ಲ. ಮಾನಂದವಾಡಿ ಹತ್ತಿರದ ವಳ್ಳಿಯೂರ್‌ಕಾವಿನಲ್ಲಿ ಮಾರ್ಚ್ ತಿಂಗಳ ಉತ್ಸವ. ಹಿಂದೆ ಅದೇ ಉತ್ಸವದಲ್ಲಿ ಜಮೀನುದಾರರು ಆದಿವಾಸಿಗಳಾದ ಪಣಿಯರನ್ನೂ ಅಡಿಯರನ್ನೂ ವರ್ಷದ ದುಡಿಮೆಗೆ ಗೊತ್ತುಮಾಡಿಕೊಳ್ಳುತ್ತಿದ್ದರು. ಜೀತ ನಿಷೇಧದ ಕಾನೂನು ಬಂದದ್ದು 1976ರಲ್ಲಿ, ಅಂದರೆ ನಾನು ಆಗಲೇ ನಡೆಯಲು ಕಲಿತಿದ್ದೆ.

ಮರಳುವಾಗ ಒಂದು ತೋಟದ ಲೈನ್ ಮನೆಯಲ್ಲಿ ಎರವರ ಅಜ್ಜಿಯೊಬ್ಬರು ತಗಡಿನ ಪೆಟ್ಟಿಗೆ ತೆರೆದು ತೋರಿಸಿದರು. ಆಸ್ಪತ್ರೆಯ ಚೀಟಿ, ಮಗನ ಶಾಲೆಯ ಟಿ.ಸಿ., ಮಡಚಿ ಮಡಚಿ ಹರಿದ ಒಂದು ಅರ್ಜಿ. ರೇಷನ್ ಕಾರ್ಡಿಲ್ಲ. ಹುಟ್ಟಿದ್ದು, ಮದುವೆಯಾದದ್ದು, ಮಕ್ಕಳನ್ನು ಹೆತ್ತದ್ದು ಅದೇ ಸಾಲಿನ ಕೋಣೆಗಳಲ್ಲಿ. ಆದರೆ ವಾಸಕ್ಕೆ ದಾಖಲೆಯಿಲ್ಲ. "ತೋಟದವರು ಬರೆದುಕೊಟ್ಟರೆ ಆಗುತ್ತದಂತೆ," ಎಂದರು, ನನ್ನನ್ನೇ ನೋಡುತ್ತ. ನಾನು ತೋಟದವರ ಮಗಳೆಂದು ಅವರಿಗೆ ಯಾರು ಹೇಳಿದ್ದರೋ.

ಆ ರಾತ್ರಿ ಊಟಕ್ಕೆ ಕುಳಿತಾಗ ಅಪ್ಪನನ್ನು ಕೇಳಿದೆ: ನಮ್ಮಲ್ಲಿ ಕೂಲಿ ಎಷ್ಟು? "ರೈಟರನ್ನು ಕೇಳು," ಎಂದರು. ಮರುದಿನ ಸಂಜೆ ಕಣಕ್ಕೆ ಹೋದೆ. ರೋಬಸ್ಟಾ ಕೊಯ್ಲಿನ ಸಮಯ. ಹೆಂಗಸರು ಹಣ್ಣಿನ ಚೀಲ ತಂದು ತೂಕಕ್ಕೆ ಇಡುತ್ತಿದ್ದರು. ರೈಟರು ಕಿಲೋ ಲೆಕ್ಕ ಬರೆಯುತ್ತಿದ್ದುದು ಅವರವರ ಗಂಡಂದಿರ ಹೆಸರಿನ ಮುಂದೆ. ದುಡ್ಡೂ ಅತ್ತಲೇ ಹೋಗುತ್ತಿತ್ತು, ಅಲ್ಲಿಂದ ಎಲ್ಲಿಗೆಂದು ಎಲ್ಲರಿಗೂ ಗೊತ್ತು. ಹೆಂಗಸರ ಹೆಸರಿಗೆ ಬೇರೆ ಪುಟ ಮಾಡಿಸಲು ಅಪ್ಪನೊಂದಿಗೆ ಇಡೀ ಕೊಯ್ಲು ವಾದ ಮಾಡಬೇಕಾಯಿತು. ಪರೀಕ್ಷೆಯಲ್ಲಿ ರಾಜ್ಯಶಾಸ್ತ್ರಕ್ಕೆ ಬಂದ ಅಂಕ ಇವತ್ತು ನೆನಪಿಲ್ಲ. ಆ ಪುಟ ನೆನಪಿದೆ. ಜಗಳವಾಡಿಯೂ ಅದೇ ಮನೆಯಲ್ಲಿ ಉಣ್ಣಬಹುದು, ಮುಖ ತಪ್ಪಿಸಬೇಕಾಗಿಲ್ಲ ಎಂದು ಗೊತ್ತಾದದ್ದೂ ಆಗಲೇ.

ಆಮೇಲೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಓದು, ಬೆಂಗಳೂರಿನ ನೌಕರಿ, ಸಂಬಳ ಕೂಡಿದಾಗಲೆಲ್ಲ ದೂರದ ಊರುಗಳು. ಎಲ್ಲಿ ಹೋದರೂ ಅವೇ ಎರಡು ಪ್ರಶ್ನೆ. ಜೊತೆಗೆ ಬಂದವರಿಗೆ ಬೇಸರವಾಗುತ್ತಿತ್ತು, ಒಬ್ಬಿಬ್ಬರು ಜೊತೆ ಬರುವುದನ್ನೇ ಬಿಟ್ಟರು. ಅಪ್ಪ ತೀರಿಕೊಂಡ ಮೇಲೆ ತೋಟಕ್ಕೆ ಮರಳಿದೆ. 2016ರ ಡಿಸೆಂಬರಿನಲ್ಲಿ ಕೊಡಗಿನ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲುಗಳನ್ನು ಅರಣ್ಯ ಜಾಗವೆಂದು ಕೆಡವಿದರಲ್ಲ, ಅಲ್ಲಿದ್ದವರಲ್ಲಿ ಹೆಚ್ಚಿನವರು ಲೈನ್ ಮನೆಗಳಿಂದ ಹೊರಬಂದವರು. ನೂರಾರು ಕುಟುಂಬಗಳು ಚಳಿಯಲ್ಲಿ ಬಯಲಿಗೆ ಬಿದ್ದವು. ಪಟ್ಟಣದ ಕೆಲವರು ಅವರನ್ನು ಹೊರಗಿನಿಂದ ಬಂದವರೆಂದರು. ಕೊಡಗಿನ ಕಾಫಿ ಕೊಯ್ಯುವ ಕೈಗಳು ಹೊರಗಿನವು, ವಾರಾಂತ್ಯಕ್ಕೆ ರೆಸಾರ್ಟಿಗೆ ಬರುವ ಕಾರುಗಳು ಮಾತ್ರ ನಮ್ಮವು!

ಆ ತಿಂಗಳೇ ನಮ್ಮ ಲೈನ್ ಮನೆಯ ಪ್ರತಿ ಕುಟುಂಬಕ್ಕೂ, ಇಂಥವರು ಇಷ್ಟು ವರ್ಷದಿಂದ ಇಲ್ಲಿ ವಾಸವಾಗಿದ್ದಾರೆಂದು ಸಹಿ ಹಾಕಿ ಪತ್ರ ಕೊಟ್ಟೆ. ದೊಡ್ಡಪ್ಪ ಕೆಂಡವಾದರು. "ಇವತ್ತು ಪತ್ರ ಕೊಡು, ನಾಳೆ ಜಾಗವೇ ತಮ್ಮದೆನ್ನುತ್ತಾರೆ," ಎಂದರು. ಭಯ ಸುಳ್ಳಲ್ಲ, ಜಿಲ್ಲೆಯ ಅನೇಕ ಬೆಳೆಗಾರರದು ಅದೇ ಭಯ. ಆದರೂ ಮೂರು ತಲೆಮಾರು ದುಡಿದವರಿಗೆ ಮತದಾರರ ಪಟ್ಟಿಯಲ್ಲಿ ಹೆಸರಿಲ್ಲದಿರುವುದನ್ನು ಆ ಭಯದ ಮೇಲೆ ಹೊರಿಸಲು ನನ್ನಿಂದಾಗಲಿಲ್ಲ. ನಮ್ಮಲ್ಲಿ ಯಾರೂ ಜಾಗ ಕೇಳಿಲ್ಲ. ಶೌಚಾಲಯ ಕೇಳಿದರು, ಕಟ್ಟಿಸಿದೆ.

ದೊಡ್ಡಪ್ಪ ಈಗಲೂ ಹಬ್ಬಕ್ಕೆ ಕರೆಯುತ್ತಾರೆ, ಈಗಲೂ ಆ ಪತ್ರದ ಮಾತು ತೆಗೆಯುತ್ತಾರೆ. ಕಳೆದ ಕೊಯ್ಲಿನಲ್ಲಿ ಅವರ ತೋಟದ ರೈಟರು ಮನೆಗೆ ಬಂದು, ಕಾಫಿ ಕುಡಿದು, ಪತ್ರದ ನಮೂನೆಯ ಒಂದು ಪ್ರತಿ ಕೇಳಿ ತೆಗೆದುಕೊಂಡು ಹೋದರು. ಯಾರಿಗೆಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.