ಐದು ತಲೆಯವನಿಗೆ ‘ಆಗಲ್ಲ’ ಅಂದ ಸರಸ್ವತಿ

ಜಪಾನಿನ ಎನೋಶಿಮಾ ದ್ವೀಪಕ್ಕೆ ಗಂಡ ಹೆಂಡ್ತಿ ಒಟ್ಟಿಗೆ ಹೋಗ್ಬಾರ್ದಂತೆ, ಅಲ್ಲಿನ ದೇವಿಗೆ ಹೊಟ್ಟೆಕಿಚ್ಚಾಗಿ ಜೋಡೀನ ಬೇರೆ ಮಾಡ್ತಾಳಂತೆ! ಇದನ್ನ ನಮ್ಮೆಜಮಾನ್ರು ಫೋನಲ್ಲಿ ಓದಿ ಹೇಳಿದ್ದು ಫುಜಿಸಾವಾದಲ್ಲಿ ಎನೋಡೆನ್ ಟ್ರೈನ್ ಹತ್ತಿ ಕೂತ್ಮೇಲೆ, ಸರಿ ಇನ್ನೇನು ಇಳಿಯೋಕಾಗುತ್ತಾ.

ಆ ದೇವಿ ಬೆಂಝೈಟೆನ್, ಕೈಯಲ್ಲಿ ಬಿವಾ ಅನ್ನೋ ತಂತಿವಾದ್ಯ, ಅಂದ್ರೆ ನಮ್ಮ ಸರಸ್ವತೀನೇ, ಬೌದ್ಧಧರ್ಮದ ಜೊತೆ ಚೀನಾ ದಾಟ್ಕೊಂಡು ಜಪಾನಿಗೆ ಹೋದೋಳು. 1047ರಲ್ಲಿ ಕೋಕೇ ಅನ್ನೋ ಸನ್ಯಾಸಿ ಬರೆದಿದ್ದು ಅಂತ ಹೇಳೋ ಸ್ಥಳಪುರಾಣದ ಪ್ರಕಾರ, ಎದುರಿನ ದಡದಲ್ಲಿ ಐದು ತಲೆಯ ಡ್ರ್ಯಾಗನ್ ಒಂದು ಮಕ್ಕಳನ್ನ ತಿನ್ಕೊಂಡಿತ್ತು, 552ರಲ್ಲಿ ಸಮುದ್ರದಿಂದ ಈ ದ್ವೀಪ ಎದ್ದು ದೇವಿ ಇಳಿದು ಬಂದ್ಲು, ನೋಡಿದ್ದೇ ತಡ ಇವನಿಗೆ ಲವ್ವು, ಮದ್ವೆ ಆಗು ಅಂತ ಕೇಳೇಬಿಟ್ಟ. ಅವ್ಳು ಆಗಲ್ಲ ಅಂದ್ಲು, ಮಕ್ಕಳನ್ನ ತಿನ್ನೋನ ಜೊತೆ ಎಂಥ ಸಂಸಾರ? ಅವ್ನು ಬುದ್ಧಿ ಕಲಿತು ಊರು ಕಾಯ್ತೀನಿ ಅಂತ ಮಾತು ಕೊಟ್ಮೇಲೆ ಒಪ್ಪಿದ್ಲಂತೆ. ಕೊನೆಗೆ ಅವ್ನು ದ್ವೀಪದ ಕಡೆ ಮುಖ ಮಾಡಿದ ಗುಡ್ಡ ಆಗ್ಬಿಟ್ಟ, ಎದುರು ದಡದಲ್ಲಿ ಅವನಿಗೂ ಒಂದು ಗುಡಿ ಇದೆ. ನಂಗಂತೂ ಲವ್‌ಗಿಂತ ಅವ್ಳ ಕಂಡೀಷನ್ನೇ ಇಷ್ಟ ಆಯ್ತು.

ಮೇಲೆ ಹತ್ತೋಕೆ ದುಡ್ಡು ಕೊಡೋ ಎಸ್ಕಲೇಟರ್ ಇದೆ, ಆದ್ರೆ ಹತ್ತೋಕೆ ಮಾತ್ರ, ಇಳಿಯೋಕೆ ಮೆಟ್ಲೇ ಗತಿ. ‘ಪ್ರೇಮಿಗಳ ಗುಡ್ಡ’ದಲ್ಲಿ ‘ಡ್ರ್ಯಾಗನ್ ಪ್ರೇಮದ ಗಂಟೆ’ ಅಂತ ಒಂದಿದೆ, ಜೋಡಿಗಳು ಒಟ್ಟಿಗೆ ಗಂಟೆ ಹೊಡೆದು, ಹೆಸ್ರು ಬರೆದ ಬೀಗಾನ ಬೇಲಿಗೆ ಹಾಕ್ತಾರೆ. ಬೇಲಿ ಅನ್ನೋದೇ ಕಾಣ್ಸಲ್ಲ, ಬರೀ ಬೀಗ, ಉಪ್ಪುಗಾಳಿಗೆ ಅರ್ಧಕ್ಕರ್ಧ ತುಕ್ಕು. ನಾವೂ ಕನ್ನಡದಲ್ಲೇ ಬರೆದು ಹಾಕಿದ್ವಿ, ಹಿಂದೆ ನಿಂತಿದ್ದ ಹುಡ್ಗಿ ಆ ದುಂಡಕ್ಷರದ ಫೋಟೋ ತಗೊಂಡ್ಲು. ಅಷ್ಟರಲ್ಲಿ ಹದ್ದೊಂದು ಹಿಂದಿಂದ ಬಂದು ಇವ್ರ ಕೈಲಿದ್ದ ಆಕ್ಟೋಪಸ್ ಹಪ್ಪಳ ಹಾರಿಸ್ಕೊಂಡು ಹೋಯ್ತು! ಹದ್ದಿದೆ ಹುಷಾರು ಅಂತ ದಾರಿಯುದ್ದಕ್ಕೂ ಬೋರ್ಡು ಇತ್ತು, ನೋಡ್ಕೊಂಡೇ ಬಂದಿದ್ವಿ, ಏನ್ ಪ್ರಯೋಜ್ನ.

ಆದ್ರೆ ನನ್ನ ಮನಸ್ಸಲ್ಲಿ ಉಳಿದಿದ್ದು ಗಂಟೆ ಅಲ್ಲ, ಇನ್ನೂ ಕೆಳಗೆ ಸಮುದ್ರಕ್ಕೆ ತಾಗಿರೋ ಚಿಗೋಗಾಫುಚಿ ಬಂಡೆಗಳು. ಅಲ್ಲೂ ಒಂದು ಪ್ರೇಮಕಥೆ ಇದೆ. ಕಾಮಕುರಾದ ಕೆಂಚೋಜಿ ಮಠದ ಜಿಕ್ಯೂ ಅನ್ನೋ ಸನ್ಯಾಸಿ ಶಿರಗಿಕು ಅನ್ನೋ ಹುಡುಗನ ಮೇಲೆ ಮನಸಿಟ್ಟ, ಹುಡುಗ ದಿಕ್ಕು ತೋಚದೆ ಇಲ್ಲಿ ನೀರಿಗೆ ಹಾರಿದ, ಅವನ ಹಿಂದೆ ಜಿಕ್ಯೂನೂ. ಈ ಹುಡುಗನ ಮಾತನ್ನ ಯಾರೂ ಕೇಳಿದಂಗಿಲ್ಲ. ಇಲ್ಲಿ ಗಂಟೆ ಇಲ್ಲ, ಬೀಗ ಇಲ್ಲ, ಗಾಳ ಹಾಕ್ಕೊಂಡು ಕೂತ ಮುದುಕ್ರು ಅಷ್ಟೆ. ಫುಜಿ ಪರ್ವತ ಕಾಣುತ್ತೆ ಅಂತಾರೆ, ನಮಗೆ ಬರೀ ಮೋಡ.

ಅಲೆ ಜೋರಿತ್ತು, ದ್ವೀಪಾನ ದಡಕ್ಕೆ ಸೇರಿಸೋ ಸೇತುವೆ ಕಡೆ ಹೋಗೋ ಬೋಟು ಬಂದ್ ಆಗಿತ್ತು, ಸರಿ ಮತ್ತೆ ಅದೇ ಮೆಟ್ಲು. ಅರ್ಧ ಹತ್ತಿ ಉಸಿರು ಬಿಡ್ತಾ ನಿಂತಿದ್ರೆ ಮೇಲಿಂದ ಗಂಟೆ ಸದ್ದು ಕೇಳ್ತು.

‘ಇನ್ನೊಬ್ಬ ಸಿಕ್ಕಾಕ್ಕೊಂಡ’ ಅಂದ್ರು ಇವ್ರು.