ಮೂರಿಂಚು ಬೇಕು ಅಂತ ಹೋದಾಗ

ಸಕಲೇಶಪುರದ ಹಾನಬಾಳು ಕಡೆ ನಮ್ಮ ತೋಟ. ಟಾರು ರಸ್ತೆ ಬಿಟ್ಟ ಮೇಲೆ ಮನೆಗೆ ಒಂದೂವರೆ ಕಿಲೋಮೀಟರ್ ಮಣ್ಣುದಾರಿ. ಹಳ್ಳ ದಾಟಿದ ಕೂಡಲೇ ಸಿಗುವ ಏರಿನಲ್ಲಿ, ಎರಡು ಚಕ್ರದ ಜಾಡಿನ ನಡುವೆ, ಒಂದು ಕಲ್ಲು ತಲೆ ಎತ್ತಿಕೊಂಡು ಕೂತಿದೆ. ಮೇ ತಿಂಗಳಲ್ಲಿ ಆರು ಮೂಟೆ ಗೊಬ್ಬರ ಹೇರಿಕೊಂಡು ಬರುವಾಗ ಆ ಕಲ್ಲು ಗಾಡಿಯ ಹೊಟ್ಟೆಗೆ ತಾಗಿ 'ಕರಕ್' ಅಂತು. ಅದು ಆ ತಿಂಗಳಲ್ಲಿ ಮೂರನೇ ಸಲ. ಮಳೆ ಶುರುವಾಗಿ ಜಾಡು ಇನ್ನಷ್ಟು ಆಳವಾದರೆ ಏನು ಗತಿ ಅಂತ ಭಯವಾಯಿತು.

ನನ್ನದು 2017ರ ಇಸುಜು ವಿ-ಕ್ರಾಸ್ ಪಿಕಪ್. ಒಂಬತ್ತು ವರ್ಷ ಸೀರಿಯಸ್ಸಾಗಿ ದುಡಿದಿದೆ. ಕಾಫಿ ಹಣ್ಣು, ಮೆಣಸಿನ ಮೂಟೆ, ಪಂಪ್‌ಸೆಟ್ಟು, ಒಮ್ಮೆ ರಾತ್ರಿ ಹೆರಿಗೆ ನೋವು ಬಂದ ಹೆಣ್ಣುಮಗಳು, ಎಲ್ಲವನ್ನೂ ಹೊತ್ತಿದೆ. ಅದಕ್ಕೆ ಒಂದು ಒಳ್ಳೆ ಲಿಫ್ಟ್ ಕಿಟ್, ಅಂದರೆ ಗಾಡಿಯನ್ನು ಎತ್ತರಿಸುವ ಸ್ಪ್ರಿಂಗ್, ಶಾಕ್‌ಅಪ್ ಸೆಟ್, ಹಾಕಿಸಬೇಕು, ಮೂರಿಂಚು ಎತ್ತಿಸಬೇಕು ಅಂತ ಆ ಸಂಜೆಯೇ ತೀರ್ಮಾನ ಮಾಡಿದೆ. ಹದಿನೈದು ದಿನ ರಾತ್ರಿ ಕೂತು ಓದಿದೆ. ಇದೇ ಗಾಡಿ ಆಸ್ಟ್ರೇಲಿಯಾದಲ್ಲಿ ಡಿ-ಮ್ಯಾಕ್ಸ್ ಹೆಸರಲ್ಲಿ ಓಡುತ್ತೆ. ಹಾಗಾಗಿ ಅಲ್ಲಿಯ ಓಲ್ಡ್ ಮ್ಯಾನ್ ಎಮು, ಐರನ್‌ಮ್ಯಾನ್, ಟಫ್ ಡಾಗ್, ಈ ಎಲ್ಲ ಕಂಪನಿಗಳ ಬಳಿಯೂ ಇದಕ್ಕೆ ಕಿಟ್ ಇದೆ. ನಾನು ನೋಡುತ್ತಿದ್ದದ್ದು ಮಾತ್ರ ಎರಡೇ ಅಂಕಿ. ಎಷ್ಟು ಎತ್ತರ ಏರುತ್ತೆ, ಎಷ್ಟು ದುಡ್ಡು.

ಹಾಸನದಲ್ಲಿ ಗಾಡಿಯ ಕೆಳಗೇ ಜೀವನ ಕಳೆದ ಒಬ್ಬ ಮೇಸ್ತ್ರಿ ಇದ್ದಾರೆ. ಒಂದು ಬುಧವಾರ ಬೆಳಗ್ಗೆ ಅವರ ಹತ್ತಿರ ಹೋದೆ. ಮೂರಿಂಚು ಅಂದೆ. ಅವರು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಟಾರ್ಚ್ ತಗೊಂಡು ಕೆಳಗೆ ನುಸುಳಿದರು. "ಗೌಡ್ರೆ, ನೀವೂ ಬನ್ನಿ" ಅಂದರು. ಗೋಣಿಚೀಲ ಹಾಸಿಕೊಂಡು ನಾನೂ ಮಲಗಿದೆ.

ಹಿಂದಿನ ಚಕ್ರಗಳ ನಡುವೆ ಗೇರುಗಳನ್ನು ಮುಚ್ಚಿರುವ ಕಬ್ಬಿಣದ ಹೌಸಿಂಗಿನ ಗುಂಡು ಭಾಗದ ಮೇಲೆ ಮೂರು ಗೀರು. ಕೆಸರು, ಎಣ್ಣೆಜಿಡ್ಡಿನ ನಡುವೆ ಬೆಳ್ಳಿ ಥರ ಹೊಳೀತಿದ್ದವು. ಮೇಸ್ತ್ರಿ ಬೆರಳಿಟ್ಟು ತೋರಿಸಿದರು.

"ನಿಮ್ಮ ಕಲ್ಲು ತಾಗಿರೋದು ಇಲ್ಲಿಗೆ. ಇದನ್ನ ಯಾವ ಕಿಟ್ಟೂ ಎತ್ತಲ್ಲ."

ಹದಿನೈದು ದಿನ ಓದಿದರೂ ನನ್ನ ತಲೆಗೆ ಇದು ಹೊಳೆದಿರಲಿಲ್ಲ. ಹಿಂದೆ ಇರುವುದು ಒಂದೇ ಗಟ್ಟಿ ಆಕ್ಸಲ್. ಅದು ಎರಡು ಚಕ್ರಗಳ ನಡುವೆ ಕೂತಿದೆ. ಕಿಟ್ ಎತ್ತುವುದು ಆಕ್ಸಲ್ ಮೇಲಿರುವ ಚಾಸಿಯನ್ನು, ಬಾಡಿಯನ್ನು. ಆಕ್ಸಲ್ ಇದ್ದಲ್ಲೇ ಇರುತ್ತೆ. ಅದು ಮೇಲೇರಬೇಕಾದರೆ ಟೈರೇ ದೊಡ್ಡದಾಗಬೇಕು. ನನ್ನ 245/70 ಆರ್16 ಟೈರ್ ತೆಗೆದು 265/70 ಹಾಕಿದರೆ ಒಟ್ಟು ಎತ್ತರ 28 ಮಿ.ಮೀ. ಜಾಸ್ತಿ. ಅದರಲ್ಲಿ ಅರ್ಧ, ಅಂದರೆ 14 ಮಿ.ಮೀ. ಮಾತ್ರ ಹೌಸಿಂಗಿಗೆ ಸಿಗುತ್ತೆ. ಸ್ಪೀಡೋಮೀಟರ್ 80 ತೋರಿಸುವಾಗ ಗಾಡಿ ನಿಜವಾಗಿ 83ರಲ್ಲಿ ಓಡ್ತಿರುತ್ತೆ.

ಆದರೆ ಮೇಸ್ತ್ರಿ ಅಲ್ಲಿಗೇ ಬಿಡಲಿಲ್ಲ. ಎಡಗಡೆ ಫುಟ್‌ಬೋರ್ಡಿನ ಕೆಳಗೂ ಹೊಸ ಗೀರು ಇತ್ತು. ಅದು ಸ್ಪ್ರಿಂಗ್ ಸೋತು ಗಾಡಿ ಕುಸಿದಿರುವುದರ ಗುರುತು ಅಂದರು. ಟೇಪ್ ಹಿಡಿದು ಚಕ್ರದ ನಟ್ಟನಡುವಿನಿಂದ ಮೇಲಿನ ಮಡ್ಗಾರ್ಡ್ ಅಂಚಿನವರೆಗೆ ಅಳೆದೆವು. ಹಿಂದೆ ಬಲಕ್ಕೆ 492 ಮಿ.ಮೀ., ಎಡಕ್ಕೆ 478. ಸ್ನೇಹಿತನೊಬ್ಬನ ಹತ್ತಿರ ಇದೇ ಗಾಡಿ ಇದೆ, ಪೇಟೆ ಬಿಟ್ಟು ಹೊರಗೆ ಹೋಗಿದ್ದೇ ಕಮ್ಮಿ. ಫೋನ್ ಮಾಡಿ ಅವನ ಹತ್ತಿರವೂ ಅಳೆಸಿದೆ. ಎರಡೂ ಕಡೆ 515. ಮೂರಿಂಚು ಬೇಕು ಅಂತ ಹೋದ ನನ್ನ ಗಾಡಿ ಎಡಗಡೆ ಸುಮಾರು ಒಂದೂವರೆ ಇಂಚು ಕಳಕೊಂಡೇ ಓಡಾಡ್ತಿತ್ತು!

ಅಲ್ಲಿಂದ ಸೀದಾ ವೇ ಬ್ರಿಡ್ಜಿಗೆ. ಕಾಫಿ ತೂಗಿಸಲು ಎಷ್ಟೋ ಸಲ ಹತ್ತಿದ್ದೇನೆ, ಗಾಡಿಯನ್ನೇ ತೂಗಿಸಲು ಹೋಗಿದ್ದು ಇದೇ ಮೊದಲು. ಹಿಂದೆ ಸಾಮಾನಿನ ಜಾಗ ಮುಚ್ಚುವ ಕ್ಯಾನೊಪಿ, ಟೂಲ್ ಬಾಕ್ಸ್, ಗರಗಸ, ಡೀಸೆಲ್ ಕ್ಯಾನ್, ಹಗ್ಗ, ಎರಡನೇ ಸ್ಟೆಪ್ನಿ. ಇವನ್ನು ನಾನು ಯಾವತ್ತೂ ಇಳಿಸಿದವನೇ ಅಲ್ಲ. ಚೀಟಿ ನೋಡಿದರೆ ಖಾಲಿ ಗಾಡಿಗಿಂತ 310 ಕೆ.ಜಿ. ಜಾಸ್ತಿ. ನನ್ನ ಗಾಡಿ ಯಾವತ್ತೂ ಖಾಲಿ ಇರಲೇ ಇಲ್ಲ.

ಕಿಟ್ ಆರಿಸುವುದು ಅಂದರೆ ಈ ಚೀಟಿಯಿಂದ ಶುರು ಮಾಡಬೇಕು. ಒಳ್ಳೆಯ ಕಂಪನಿಗಳು ಸ್ಪ್ರಿಂಗನ್ನು ಎತ್ತರದ ಲೆಕ್ಕದಲ್ಲಷ್ಟೇ ಅಲ್ಲ, ಯಾವಾಗಲೂ ಹೊರುವ ಭಾರದ ಲೆಕ್ಕದಲ್ಲೂ ಮಾಡಿರುತ್ತವೆ. ಖಾಲಿ ಗಾಡಿಗೆ ಒಂದು, ಸದಾ 300 ಕೆ.ಜಿ. ಹೊರುವುದಕ್ಕೆ ಒಂದು, 500ಕ್ಕೆ ಇನ್ನೊಂದು. ಖಾಲಿ ಓಡಾಡುವವರು 500ರದ್ದು ಹಾಕಿಸಿದರೆ ಸೊಂಟ ಹೋಗುತ್ತೆ, ಮಣ್ಣುದಾರಿಯಲ್ಲಿ ಹಿಂದಿನ ಚಕ್ರ ನೆಲ ಬಿಟ್ಟು ಕುಣಿಯುತ್ತೆ. ಮುಂದಿನ ಸ್ಪ್ರಿಂಗಿಗೂ ಇದೇ ಲೆಕ್ಕ. ಆಸ್ಟ್ರೇಲಿಯಾದ ಪಟ್ಟಿಗಳಲ್ಲಿ ಬುಲ್‌ಬಾರ್ (ಮೂತಿಗೆ ಹಾಕುವ ಕಬ್ಬಿಣದ ಕಾವಲು), ವಿಂಚ್ (ಹೂತ ಗಾಡಿ ಎಳೆಯುವ ಯಂತ್ರ) ಇರುವ ಗಾಡಿಗೆ ಅಂತಲೇ ಗಟ್ಟಿ ಸ್ಪ್ರಿಂಗ್ ಇರುತ್ತೆ. ನಮ್ಮಲ್ಲಿ ಬುಲ್‌ಬಾರನ್ನು 2017ರ ಡಿಸೆಂಬರಿನಲ್ಲೇ ನಿಷೇಧಿಸಿದ್ದಾರೆ. ಇಲ್ಲದ ಕಬ್ಬಿಣದ ಭಾರಕ್ಕೆ ಮಾಡಿದ ಸ್ಪ್ರಿಂಗ್ ಹಾಕಿದರೆ ಮೂತಿ ಆಕಾಶ ನೋಡುತ್ತೆ, ರಾತ್ರಿ ಎದುರು ಬರುವವರ ಕಣ್ಣಿಗೆ ಹೆಡ್‌ಲೈಟ್ ಹೊಡೆಯುತ್ತೆ.

ಆಸೆ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಮುಂದಕ್ಕೆ ಬರೀ ಸ್ಪೇಸರ್ ಹಾಕಿದರೆ ಹೇಗೆ ಅಂತ ಕೇಳಿದೆ. ಅಗ್ಗ, ಅರ್ಧ ದಿನದ ಕೆಲಸ, ಶಾಕ್‌ಅಪ್ ಮೇಲೆ ಒಂದಿಂಚಿನ ತುಂಡು ಕೂರಿಸಿದರೆ ಚಕ್ರದ ಹತ್ತಿರ ಹೆಚ್ಚುಕಮ್ಮಿ ಎರಡಿಂಚು ಏರುತ್ತೆ. ಮೇಸ್ತ್ರಿ ಮೂಲೆಯಲ್ಲಿ ನಿಂತಿದ್ದ ಇನ್ನೊಂದು ಪಿಕಪ್ಪಿನ ಚಕ್ರ ಬಿಚ್ಚಿ ತೋರಿಸಿದರು. ಸ್ಪೇಸರ್ ಹಾಕಿ ಮೂರಿಂಚು ಎತ್ತಿದ್ದ ಗಾಡಿ. ಮುಂದಿನ ಆಕ್ಸಲ್ ಶಾಫ್ಟು ಕೆಳಮುಖವಾಗಿ ಕಡಿದಾಗಿ ಇಳಿದಿತ್ತು. ಅದರ ರಬ್ಬರ್ ಬೂಟಿನ ಮಡಿಕೆಗಳು ಒಂದಕ್ಕೊಂದು ತಿಕ್ಕಿ ಸೀಳಿದ್ದವು. ಕಪ್ಪು ಗ್ರೀಸು ರಿಮ್ಮಿನ ಒಳಮೈಗೆಲ್ಲ ಚಿಮ್ಮಿ ಅಂಟಿತ್ತು. ಒಮ್ಮೆ ಹೀಗೆ ಬಾಯಿಬಿಟ್ಟರೆ ನಮ್ಮ ಕಡೆಯ ಕೆಸರು ನೀರು ಒಳಗೆ ಹೋಗಿ ಜಾಯಿಂಟನ್ನು ತಿಂದು ಹಾಕುತ್ತೆ. ಮಲೆನಾಡಿನ ಮಳೆಗೆ ಇದು ಆಗುವ ಮಾತಲ್ಲ. ಮೂರಿಂಚಿನ ಆಸೆ ಆ ಗ್ರೀಸ್ ನೋಡಿದ ಕ್ಷಣಕ್ಕೆ ಹೋಯಿತು.

ಕಾನೂನಿನ ಮಾತನ್ನೂ ಹೇಳಲೇಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಈ ಗಾಡಿಯಲ್ಲಿ ಅಮ್ಮ ಕೂರುತ್ತಾರೆ, ಮಕ್ಕಳು ಕೂರುತ್ತಾರೆ. ನಾಳೆ ಏನಾದರೂ ಆದರೆ ಇನ್ಶೂರೆನ್ಸಿನವರ ಮುಂದೆ ಉತ್ತರ ಇಲ್ಲದೆ ನಿಲ್ಲುವುದು ನನಗೆ ಬೇಡ.

ಕೊನೆಗೆ ಹೀಗೆ ಮಾಡಿದೆವು. ಹಿಂದಕ್ಕೆ ಸದಾ 300 ಕೆ.ಜಿ. ಹೊರುವ ಲೀಫ್ ಸೆಟ್, ಅಂದರೆ ಉಕ್ಕಿನ ಪಟ್ಟಿಗಳ ಸ್ಪ್ರಿಂಗ್. ಮುಂದಕ್ಕೆ ಕಂಪನಿಯ ಎತ್ತರದ್ದೇ ಹೊಸ ಕಾಯಿಲ್ ಸ್ಪ್ರಿಂಗ್. ನಾಲ್ಕಕ್ಕೂ ಒಳಗೆ ಫೋಮ್ ಇರುವ ಫೋಮ್ ಸೆಲ್ ಶಾಕ್‌ಅಪ್. ಒಂದೇ ಸಮನೆ ಗುಂಡಿ ಬಿದ್ದ ದಾರಿಯಲ್ಲಿ ಮಾಮೂಲಿ ಶಾಕ್‌ಅಪ್ ಒಳಗಿನ ಎಣ್ಣೆ ನೊರೆಯಾಗಿ ಬಲ ಕಳಕೊಳ್ಳುತ್ತೆ, ಫೋಮ್ ಇದ್ದರೆ ಆ ತೊಂದರೆ ಕಮ್ಮಿ. ಟೈರ್ ಅಳತೆ ಬದಲಿಸಲಿಲ್ಲ. ಸಾಮಾನು ಬರಲು ಎಂಟು ದಿನ ಹಿಡಿಯಿತು, ಕೂರಿಸಲು ಒಂದು ದಿನ. ಲೀಫ್ ಸೆಟ್ಟಿನ ವಿವರದಲ್ಲಿ 40 ಮಿ.ಮೀ. ಲಿಫ್ಟ್ ಅಂತ ಬರೆದಿತ್ತು. ನನ್ನ ಸಾಮಾನಿನ ಭಾರ ಕೂತ ಮೇಲೆ ಎರಡೂ ಕಡೆ ಅಳೆದರೆ 517.

ಸಂಜೆ ಅಮ್ಮ ಬಾಗಿಲ ಹಿಡಿ ಹಿಡಿದು ಹತ್ತಿದರು. ಅವರಿಗೆ ಬಲಗಾಲಿನ ಮಂಡಿ ನೋವು. ಮೊದಲಿನ ಹಾಗೇ ಒಂದೇ ಸಲಕ್ಕೆ ಹತ್ತಿ ಕೂತರು. ಮೂರಿಂಚು ಎತ್ತಿಸಿದ್ದರೆ ಅವರಿಗೆ ಸ್ಟೂಲ್ ಇಡಬೇಕಾಗಿತ್ತು ಅನ್ನುವುದು ನನಗೆ ಆಗಲೇ ಹೊಳೆದದ್ದು.

ಆ ಭಾನುವಾರ ಹಾರೆ, ಸುತ್ತಿಗೆ ಹಿಡಿದು ಮೂವರು ಹಳ್ಳದ ಏರಿಗೆ ಹೋದೆವು. ಕಲ್ಲಿನ ತಲೆ ಒಂದು ಗೇಣು ಒಡೆಯಲು ಎರಡು ಗಂಟೆ ಹಿಡಿಯಿತು. ಚೂರುಗಳನ್ನು ಜಾಡಿನ ಗುಂಡಿಗಳಿಗೇ ತುಂಬಿದೆವು. ಮರುದಿನ ಆರು ಮೂಟೆ ಹೇರಿಕೊಂಡು ಅದೇ ಏರು ಹತ್ತಿದೆ. ಕೆಳಗೆ ಹುಲ್ಲು ಸವರಿದ ಸದ್ದು ಮಾತ್ರ ಕೇಳಿಸಿತು.

ಐನೂರು ಕಿಲೋಮೀಟರ್ ಆದ ಮೇಲೆ ಬಂದು ಲೀಫ್ ಸೆಟ್ಟನ್ನು ಆಕ್ಸಲ್ಲಿಗೆ ಬಿಗಿಯುವ ಯು ಬೋಲ್ಟ್ ಮತ್ತೆ ಬಿಗಿ ಮಾಡಿಸಿ, ಹೊಸ ಪಟ್ಟಿಗಳು ಕೂತುಕೊಂಡಾಗ ಸಡಿಲ ಆಗ್ತವೆ ಅಂತ ಮೇಸ್ತ್ರಿ ಹೇಳಿದ್ದಾರೆ. ಇವತ್ತಿಗೆ 460 ಆಯಿತು. ಗುರುವಾರ ಹಾಸನಕ್ಕೆ ಹೋಗುವವನಿದ್ದೇನೆ, ಜೊತೆಗೆ ಟೇಪನ್ನೂ ಇಟ್ಟುಕೊಂಡಿದ್ದೇನೆ.