ಗೇರು ಸಿಪ್ಪೆಯ ಅಂಟು, ಬಿದಿರಿನ ಹಲಗೆ

ಉದ್ಯಾವರದಲ್ಲಿರುವ ನಮ್ಮ ಮರಗೆಲಸದ ಶೆಡ್ಡಿನಲ್ಲಿ ಸಾಮಾನ್ಯವಾಗಿ ನಡೆಯುವುದು ದಾರಂದ, ಬಾಗಿಲು, ಮಂಚ, ಅಪರೂಪಕ್ಕೊಮ್ಮೆ ದೇವರ ಮಂಟಪದ ಕೆಲಸ. ಕಳೆದ ವರ್ಷ, ತುಳುನಾಡಿನ ಮಳೆಗಾಲದ ಆಟಿ ತಿಂಗಳಲ್ಲಿ, ಅಲ್ಲಿ ಒಂದು ಸ್ನೋಬೋರ್ಡ್ ತಯಾರಾಯಿತು. ಕೆನಡಾದ ಕ್ಯಾಲ್ಗರಿಯಲ್ಲಿ ಓದಿದ ನನ್ನ ತಂಗಿಯ ಮಗಳು ಅಲ್ಲಿನ ಚಳಿಗಾಲಗಳಲ್ಲಿ ಹಿಮದ ಇಳಿಜಾರಿನ ಮೇಲೆ ಜಾರುವ ಈ ಆಟವನ್ನು ಕಲಿತಿದ್ದಳು. ಊರಿಗೆ ಮರಳುವಾಗ ಎರಡು ಹಲಗೆಗಳನ್ನು ಹೊತ್ತು ತಂದಿದ್ದಳು. ಒಂದು ಸುಸ್ಥಿತಿಯಲ್ಲಿತ್ತು, ಇನ್ನೊಂದರ ಮುಂತುದಿ ಬಂಡೆಗೆ ಬಡಿದು ಸೀಳಿಹೋಗಿತ್ತು. ಮುಂದಿನ ಚಳಿಗಾಲದಲ್ಲಿ ಗುಲ್ಮಾರ್ಗಕ್ಕೆ ಹೋಗುವುದರೊಳಗೆ, ಗಿಡಮರಗಳಿಂದ ದೊರಕುವ ವಸ್ತುಗಳನ್ನೇ ಸಾಧ್ಯವಾದಷ್ಟು ಬಳಸಿ ಹೊಸದೊಂದನ್ನು ಮಾಡಬೇಕೆಂಬುದು ಅವಳ ಹಟ. "ಮಾಮ, ಮರದ ಲೆಕ್ಕ ನಿಮ್ಮದು, ಹಿಮದ ಲೆಕ್ಕ ನನ್ನದು" ಎಂದಳು.

ಮೊದಲು ಮುರಿದ ಹಲಗೆಯನ್ನು ಅಡ್ಡಕ್ಕೆ ಕೊಯ್ದು ನೋಡಿದೆವು. ನಡುವೆ ಮರದ ತಿರುಳು. ಅದರ ಮೇಲೂ ಕೆಳಗೂ ಎಪಾಕ್ಸಿ ಎಂಬ ಅಂಟಿನಲ್ಲಿ ನೆನೆದ ಗಾಜಿನ ನಾರಿನ ಪದರ. ತಳದಲ್ಲಿ ಹಿಮದ ಮೇಲೆ ಜಾರುವ ಪಾಲಿಎಥಿಲೀನ್ ಹಾಳೆ. ಅದರ ಸುತ್ತಲೂ ಮಂಜುಗಡ್ಡೆಯನ್ನು ಕಚ್ಚುವ ಉಕ್ಕಿನ ಅಂಚು. ಎಲ್ಲಕ್ಕಿಂತ ಮೇಲೆ, ಕಣ್ಣಿಗೆ ಕಾಣುವ ಮೈಗೆ ಬಿದಿರಿನ ತೆಳುವಾದ ಹೊದಿಕೆಯನ್ನು ಅಂಟಿಸಿದ್ದರು. ಅಂಗಡಿಯವರು ಇದನ್ನು ಪರಿಸರಸ್ನೇಹಿ ಬಿದಿರಿನ ಹಲಗೆ ಎಂದೇ ಮಾರಿದ್ದರಂತೆ. ಪ್ಲೈವುಡ್ಡಿಗೆ ತೇಗದ ವಿನಿಯರ್ ಹಚ್ಚಿ ತೇಗದ ಬಾಗಿಲು ಎಂದು ಹೇಳುವವರನ್ನು ಈ ಕಸುಬಿನಲ್ಲಿ ಬೇಕಾದಷ್ಟು ಕಂಡಿರುವ ನನಗೆ ಅದರಲ್ಲಿ ಹೊಸತೇನೂ ತೋರಲಿಲ್ಲ. ನಾವು ಮಾಡುವುದರಲ್ಲಿ ಬಿದಿರು ಭಾರ ಹೊರುವ ಜಾಗದಲ್ಲಿರಬೇಕು, ಶೃಂಗಾರಕ್ಕೆ ಬೇಡ ಎಂದು ಆಗಲೇ ತೀರ್ಮಾನಿಸಿದೆವು.

ಹಿಮದ ಆಟಗಳಿಗೆ ಬಿದಿರು ಹೊಸಬನೇನಲ್ಲ. ಅಲ್ಯೂಮಿನಿಯಮ್ ಕೋಲುಗಳು ಬರುವ ಮೊದಲು ಸ್ಕೀ ಆಡುವವರ ಕೈಯಲ್ಲಿರುತ್ತಿದ್ದುದು ಬಹುಮಟ್ಟಿಗೆ ಬಿದಿರಿನ ಕೋಲು. ಅಂಕುಡೊಂಕಾಗಿ ಜಾರಿ ಇಳಿಯುವ ಸ್ಲಾಲಮ್ ಸ್ಪರ್ಧೆಯ ದಾರಿಯನ್ನು ಗುರುತಿಸಲು ನೆಡುತ್ತಿದ್ದ ಗಳುಗಳೂ ಬಿದಿರಿನವೇ ಆಗಿದ್ದವು. ಸ್ನೋಬೋರ್ಡ್ ಮಾತ್ರ ಈಚಿನದು. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಶೆರ್ಮನ್ ಪಾಪೆನ್ ಎಂಬವರು 1965ರಲ್ಲಿ ತಮ್ಮ ಹೆಣ್ಣುಮಕ್ಕಳಿಗಾಗಿ ಎರಡು ಸ್ಕೀಗಳನ್ನು ಜೋಡಿಸಿ ಮಾಡಿಕೊಟ್ಟ 'ಸ್ನರ್ಫರ್' ಎಂಬ ಆಟಿಕೆಯಿಂದ ಅದರ ಕಥೆ ಆರಂಭವಾಗುತ್ತದೆ. ಈಗ ಕಾರ್ಖಾನೆಗಳು ತಿರುಳಿಗೆ ಪಾಪ್ಲರ್, ಪೌಲೋನಿಯಾದಂತಹ ಹಗುರ ಮರಗಳನ್ನು ಬಳಸುತ್ತವೆ; ಬಿದಿರು ಬೇಕೆಂದರೆ ಹೆಚ್ಚಾಗಿ ಚೀನಾದ ಮೋಸೊ ಬಿದಿರನ್ನು ತರಿಸಿಕೊಳ್ಳುತ್ತವೆ.

ನಮಗೆ ಕಾರ್ಕಳ ಕಡೆಯ ಕೃಷಿಕರೊಬ್ಬರ ತೋಟದ ಅಂಚಿನಿಂದ ಕಿರುಬಿದಿರು ಸಿಕ್ಕಿತು. ಗೋಡೆ ದಪ್ಪವಾಗಿರುವ, ಬುಡದ ಕಡೆ ಹೆಚ್ಚುಕಡಿಮೆ ಒಳಗಟ್ಟಿಯಾಗಿರುವ ಜಾತಿ ಅದು. ಖಾಸಗಿ ಜಮೀನಿನ ಬಿದಿರಾದ್ದರಿಂದ ಸಾಗಿಸುವ ತಲೆಬಿಸಿಯೂ ಹೆಚ್ಚಿರಲಿಲ್ಲ. ಬಿದಿರಿನ ನಿಜವಾದ ತಲೆಬಿಸಿ ಅದರ ಒಳಗಿರುವ ಪಿಷ್ಟ. ಅದಕ್ಕೆ ಆಸೆಪಟ್ಟು ಕುಟ್ಟೆಹುಳು ಬರುತ್ತದೆ. ಕೃಷ್ಣಪಕ್ಷದಲ್ಲಿ ಕಡಿದು, ಹರಿಯುವ ನೀರಿನಲ್ಲಿ ಮುಳುಗಿಸಿಡುವುದು ನಮ್ಮ ಹಿರಿಯರ ಕ್ರಮ. ನಾವು ದಬ್ಬೆಗಳಾಗಿ ಸೀಳಿ, ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ನೀರಿನಲ್ಲಿ ಕುದಿಸಿ, ಬೇಸಿಗೆಯ ಬಿಸಿಲಿರುವಾಗಲೇ ನೆರಳಿನಲ್ಲಿ ಒಣಗಿಸಿಟ್ಟಿದ್ದೆವು.

ಬಿದಿರಿನ ಹೊರಮೈ ನಯವಾಗಿ ಹೊಳೆಯುತ್ತದೆ; ಅಲ್ಲಿ ಮೇಣವೂ ಸಿಲಿಕಾವೂ ಇರುವುದರಿಂದ ಅಂಟು ಹಿಡಿಯುವುದಿಲ್ಲ. ಒಳಮೈ ಮೆತ್ತಗಿದ್ದು ಬಲ ಕಡಿಮೆ. ಆದರೆ ನಾರುಗಳು ಅತಿ ದಟ್ಟವಾಗಿರುವುದು ಹೊಳೆಯುವ ಸಿಪ್ಪೆಯ ಕೆಳಗೇ. ಆದ್ದರಿಂದ ಹೊರಗಡೆ ಕೂದಲೆಳೆಯಷ್ಟು ಮಾತ್ರ ತೆಗೆದು, ಒಳಗಡೆ ಧಾರಾಳವಾಗಿ ಕೀಸುವುದು ಇಲ್ಲಿನ ಜಾಣತನ. ಈ ಕೆಲಸದಲ್ಲಿ ಹತ್ಯಾರಗಳು ಮೊಂಡಾಗುವ ವೇಗವನ್ನು ಕಂಡರೆ, ಹಲಸು ಬೋಗಿಗಳನ್ನೇ ಕಷ್ಟದ ಮರಗಳೆಂದು ಬೈಯುವ ನನ್ನ ಕೆಲಸದವರಿಗೆ ಅವುಗಳ ಮೇಲೆ ಪ್ರೀತಿ ಬರುವಂತಿತ್ತು. ಪಟ್ಟಿಗಳನ್ನು ನೆಟ್ಟಗೆ ನಿಲ್ಲಿಸಿ, ಒಂದರ ಗೆಣ್ಣು ಪಕ್ಕದ್ದರ ಗೆಣ್ಣಿಗೆ ಎದುರಾಗದಂತೆ ಸರಿಸಿ ಅಂಟಿಸಿದೆವು. ಇಡೀ ತಿರುಳನ್ನು ಬಿದಿರಿನಲ್ಲೇ ಮಾಡಿದರೆ ಭಾರ ಹೆಚ್ಚುತ್ತದೆ; ಪಾಪ್ಲರಿಗೆ ಹೋಲಿಸಿದರೆ ಬಿದಿರಿನ ಸಾಂದ್ರತೆ ಒಂದೂವರೆ ಪಟ್ಟಿಗೂ ಮಿಕ್ಕಿರುತ್ತದೆ. ಹಾಗಾಗಿ ಎರಡೂ ಅಂಚುಗಳಲ್ಲಿ ಮತ್ತು ಪಾದದ ಕಟ್ಟುಗಳನ್ನು ತಿರುಪಿನಿಂದ ಬಿಗಿಯುವ ಜಾಗದಲ್ಲಿ ಬಿದಿರನ್ನಿಟ್ಟು, ಉಳಿದೆಡೆ ಹೆಬ್ಬೇವನ್ನು ತುಂಬಿದೆವು. ಪ್ಲೈವುಡ್ಡಿಗಾಗಿ ನಮ್ಮ ರಾಜ್ಯದಲ್ಲಿ ಬೆಳೆಸುವ ಈ ಮರ ಪಾಪ್ಲರಿನಷ್ಟೇ ಹಗುರ, ಬೇಗ ಬೆಳೆಯುವಂಥದ್ದು. ತಿರುಳು ಪಾದಗಳ ನಡುವೆ 8 ಮಿಲಿಮೀಟರ್ ದಪ್ಪವಿದ್ದು, ಎರಡೂ ತುದಿಗಳಿಗೆ ಬರುವಾಗ 2 ಮಿಲಿಮೀಟರಿಗೆ ಇಳಿಯುವಂತೆ ಅದನ್ನು ಇಳಿಜಾರಾಗಿ ಕೀಸಿದೆವು.

ನಾರಿನ ಪದರಕ್ಕೆ ಮೊದಲು ಸೆಣಬಿನ ಬಟ್ಟೆಯನ್ನು ತುಂಡು ಹಲಗೆಗಳ ಮೇಲೆ ಪರೀಕ್ಷಿಸಿದೆವು. ಅದು ನೀರಿಗೆ ಹಾಕಿದ ಅವಲಕ್ಕಿಯಂತೆ ಎಪಾಕ್ಸಿಯನ್ನು ಹೀರಿ ಉಬ್ಬಿತು. ಭಾರ ಬಂತು, ಬಿಗಿತ ಬರಲಿಲ್ಲ. ಲಿನಿನ್ ನೇಯಲು ಬಳಸುವ ಅಗಸೆಯ ನಾರು ಇದಕ್ಕಿಂತ ಎಷ್ಟೋ ಮೇಲು. ತೂಕಕ್ಕೆ ತೂಕ ನೋಡಿದರೆ ಬಿಗಿತದಲ್ಲಿ ಅದು ಗಾಜಿನ ನಾರಿಗೆ ಸಮೀಪ ನಿಲ್ಲುತ್ತದೆ. ಜೊತೆಗೆ ಕಂಪನವನ್ನು ಬೇಗ ನುಂಗುತ್ತದೆ. ಗಟ್ಟಿ ಹಿಮದ ಮೇಲೆ ವೇಗವಾಗಿ ಹೋಗುವಾಗ ಹಲಗೆ ಕಟಕಟನೆ ಅದುರಿದರೆ ಅಂಚಿನ ಹಿಡಿತ ತಪ್ಪುತ್ತದೆ ಎಂದು ಸೊಸೆ ವಿವರಿಸಿದಳು. ಮೇಲ್ಪದರಕ್ಕೆ ಅಗಸೆ ನಾರನ್ನು ತರಿಸಿದೆವು. ಹೆಚ್ಚಿನ ಹೊಡೆತ ಬೀಳುವ ಕೆಳಪದರಕ್ಕೆ ಗಾಜಿನ ನಾರನ್ನೇ ಉಳಿಸಿಕೊಂಡೆವು. ಪೂರ್ಣ ಸಸ್ಯಮಯ ಎಂಬ ಹೆಸರಿಗಾಗಿ ಗುಲ್ಮಾರ್ಗದ ಇಳಿಜಾರಿನಲ್ಲಿ ಹುಡುಗಿಯ ಕಾಲು ಮುರಿಯುವುದು ನನಗೆ ಬೇಕಿರಲಿಲ್ಲ.

ಇನ್ನು ಅಂಟಿನ ಪ್ರಶ್ನೆ. ಎಪಾಕ್ಸಿಯಲ್ಲಿ ರೆಸಿನ್ ಮತ್ತು ಅದನ್ನು ಗಟ್ಟಿಮಾಡುವ ಹಾರ್ಡನರ್ ಎಂಬ ಎರಡು ಭಾಗಗಳಿರುತ್ತವೆ. ಸಾಮಾನ್ಯ ಅಮೀನ್ ಹಾರ್ಡನರುಗಳು ನಮ್ಮ ಮಳೆಗಾಲದ ಥಂಡಿಗಾಳಿಯಲ್ಲಿ ತೇವ ಮತ್ತು ಇಂಗಾಲದ ಡೈಆಕ್ಸೈಡಿನೊಡನೆ ಸೇರಿ, ಮೇಲ್ಮೈಯಲ್ಲಿ ಮೇಣದಂಥ ಪೊರೆಯನ್ನು ಬಿಡುತ್ತವೆ. ಅದರ ಮೇಲೆ ಮುಂದಿನ ಪದರ ಹಿಡಿಯುವುದಿಲ್ಲ. ಸೊಸೆ ಹುಡುಕಿ ತಂದದ್ದು ಫೀನಾಲ್ಕಮೀನ್ ಎಂಬ ಹಾರ್ಡನರ್. ಅದರ ಮೂಲ ಗೇರುಬೀಜದ ಸಿಪ್ಪೆಯ ಎಣ್ಣೆ. ಕರಾವಳಿಯ ಗೇರುಬೀಜದ ಕಾರ್ಖಾನೆಗಳಲ್ಲಿ ತಿರುಳನ್ನು ತೆಗೆದ ಮೇಲೆ ಉಳಿಯುವ ಸಿಪ್ಪೆಯನ್ನು ಹಿಂಡಿದರೆ ಬರುವ ಕಪ್ಪು ಎಣ್ಣೆ ಇದು. ಬೀಜ ಒಡೆಯುವ ಹೆಂಗಸರ ಬೆರಳುಗಳನ್ನು ಸುಡುವುದೂ ಇದೇ. ಅದನ್ನು ತಡೆಯಲು ಅವರು ಕೈಗೆ ಹರಳೆಣ್ಣೆಯನ್ನೋ ಬೂದಿಯನ್ನೋ ಹಚ್ಚಿಕೊಳ್ಳುತ್ತಾರೆ. ಮರದ ದೋಣಿ ನೀರು ಕುಡಿಯದಂತೆ, ಬಲೆ ಕೊಳೆಯದಂತೆ ಇದನ್ನು ಹಚ್ಚುವ ಪದ್ಧತಿ ಪಶ್ಚಿಮ ಕರಾವಳಿಯಲ್ಲಿ ಹಳೆಯದು. ಎಣ್ಣೆಯನ್ನು ಕಾಯಿಸಿದಾಗ ಅದರಲ್ಲಿರುವ ಅನಕಾರ್ಡಿಕ್ ಆಮ್ಲ ಕಾರ್ಡನಾಲ್ ಆಗುತ್ತದೆ. ಕಾರ್ಡನಾಲಿನ ಅಣುವಿಗೆ 15 ಇಂಗಾಲಗಳ ಉದ್ದನೆಯ ಬಾಲವಿದ್ದು, ಅದು ನೀರನ್ನು ಹತ್ತಿರ ಬಿಡುವುದಿಲ್ಲ. ಅದನ್ನು ಫಾರ್ಮಾಲ್ಡಿಹೈಡ್ ಮತ್ತು ಅಮೀನುಗಳೊಂದಿಗೆ ಕೂಡಿಸಿ ಹಾರ್ಡನರ್ ಮಾಡುತ್ತಾರೆ. ಹಾಗಾಗಿ ಅದೂ ನೂರಕ್ಕೆ ನೂರು ಗಿಡದ್ದಲ್ಲ. ಆದರೆ ತೇವದಲ್ಲೂ ಚಳಿಯಲ್ಲೂ ಗಟ್ಟಿಯಾಗುವ ಅದರ ಗುಣ ನಮ್ಮ ಆಟಿ ತಿಂಗಳಿಗೆ ಹೇಳಿ ಮಾಡಿಸಿದ್ದು.

ಪದರಗಳನ್ನು ಕೂಡಿಸುವ ದಿನ ಬೆಳಗ್ಗಿನಿಂದಲೇ ಧಾರಾಕಾರ ಮಳೆ. ಜುಲೈ ಕೊನೆಯವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಮಲ್ಪೆಯಲ್ಲಿ ಬೋಟುಗಳೆಲ್ಲ ದುರಸ್ತಿಗೆ ನಿಂತಿದ್ದವು. ಫೈಬರ್ ಕೆಲಸದ ಮೇಸ್ತ್ರಿಗಳಿಗೆ ಪುರುಸೊತ್ತಿಲ್ಲದ ಆ ಕಾಲದಲ್ಲೂ ನನ್ನ ಪರಿಚಯದ ಹಿರಿಯ ಮೇಸ್ತ್ರಿಯೊಬ್ಬರು ಒಂದು ದಿನದ ಮಟ್ಟಿಗೆ ಬರಲು ಒಪ್ಪಿದರು. ಬೋಟಿಗೆ ಬಳಸುವ ಪಾಲಿಯೆಸ್ಟರ್ ರೆಸಿನ್ನಿಗೆ ಅವರು ಹವೆ ನೋಡಿಕೊಂಡು ಕಣ್ಣಂದಾಜಿನಲ್ಲೇ ಅದನ್ನು ಗಟ್ಟಿಮಾಡುವ ಕ್ಯಾಟಲಿಸ್ಟ್ ಹಾಕುವವರು. ಎಪಾಕ್ಸಿಯಲ್ಲಿ ಅದು ನಡೆಯುವುದಿಲ್ಲ. ಎರಡೂ ಭಾಗಗಳು ಹೇಳಿದ ಪ್ರಮಾಣದಲ್ಲೇ ಕೂಡಬೇಕು, ಹಾರ್ಡನರ್ ಹೆಚ್ಚು ಸುರಿದರೆ ಬೇಗ ಗಟ್ಟಿಯಾಗುವ ಬದಲು ಮೆತ್ತಗೆ ಉಳಿದುಬಿಡುತ್ತದೆ. ಸೊಸೆ ತಕ್ಕಡಿಯ ಮುಂದೆ ಕುಳಿತು ಗ್ರಾಮಿನ ಲೆಕ್ಕದಲ್ಲಿ ಅಳೆಯುವುದನ್ನು ನೋಡಿ, "ಇದು ಬಂಗಾರದ ಅಂಗಡಿಯ ಕೆಲಸ ಮಾರಾಯ್ರೆ" ಎಂದರು. ಆದರೆ ನಾರಿನ ಬಟ್ಟೆಯ ಮೇಲೆ ರೋಲರ್ ಎಳೆದು ಒಳಗಿನ ಗಾಳಿಗುಳ್ಳೆಗಳನ್ನು ಅಂಚಿಗೆ ಓಡಿಸುವುದರಲ್ಲಿ ಅವರ ಕೈಯ ಎದುರು ನಮ್ಮಿಬ್ಬರದೂ ಕೆಲಸವೇ ಅಲ್ಲ.

ಅಗಸೆ ಬಟ್ಟೆಯನ್ನು ಬಿಸಿ ಪೆಟ್ಟಿಗೆಯಲ್ಲಿ ಒಣಗಿಸಿ, ತೆಗೆದ ಕೂಡಲೇ ಹಾಸಿದೆವು. ಸಸ್ಯದ ನಾರು ಗಾಳಿಯ ತೇವವನ್ನು ಬಹಳ ಬೇಗ ಎಳೆದುಕೊಳ್ಳುತ್ತದೆ. ತಳದ ಹಾಳೆ, ಉಕ್ಕಿನ ಅಂಚು, ಗಾಜಿನ ನಾರು, ತಿರುಳು, ಅಗಸೆ, ಮೇಲಿನ ತೆಳು ಹಾಳೆ, ಹೀಗೆ ಒಂದರ ಮೇಲೊಂದು ಇಟ್ಟೆವು. ಮೇಲಿನ ಹಾಳೆ ಹರಳೆಣ್ಣೆಯಿಂದ ತಯಾರಾಗುವ ನೈಲಾನ್ 11 ಎಂಬ ಪ್ಲಾಸ್ಟಿಕ್. ಗೇರು ಒಡೆಯುವವರ ಕೈಯನ್ನು ಕಾಯುವ ಎಣ್ಣೆ ಇಲ್ಲಿ ಗೇರಿನ ಅಂಟಿನ ಮೇಲೆಯೇ ಕುಳಿತದ್ದು ನನಗೆ ಖುಷಿ ಕೊಟ್ಟಿತು. ಸೊಸೆಗೆ ಅದನ್ನು ಕೇಳುವ ವ್ಯವಧಾನವಿರಲಿಲ್ಲ, ಕಲಸಿದ ಎಪಾಕ್ಸಿ ದಪ್ಪವಾಗತೊಡಗಿತ್ತು.

ಎಲ್ಲವನ್ನೂ ಬಾಗಿದ ಅಚ್ಚಿನ ಮೇಲಿಟ್ಟು ಪ್ಲಾಸ್ಟಿಕ್ ಚೀಲದೊಳಗೆ ಮುಚ್ಚಿ, ಎ.ಸಿ. ರಿಪೇರಿಯವರಿಂದ ಎರವಲು ತಂದ ಪಂಪಿನಿಂದ ಗಾಳಿಯನ್ನು ಹೊರಗೆಳೆದೆವು. ಒಳಗೆ ಗಾಳಿ ಇಲ್ಲವಾದಾಗ ಹೊರಗಿನ ವಾತಾವರಣವೇ ಒತ್ತುಯಂತ್ರವಾಗುತ್ತದೆ. 155 ಸೆಂಟಿಮೀಟರ್ ಉದ್ದ, 25 ಸೆಂಟಿಮೀಟರ್ ಅಗಲದ ಹಲಗೆಯ ಮೇಲೆ ಅದು ಮೂರು ಟನ್ನಿಗೂ ಹೆಚ್ಚಿನ ಭಾರ. ಕಬ್ಬಿಣದ ದೊಡ್ಡ ಒತ್ತುಯಂತ್ರವಿಲ್ಲದೆ ಇಷ್ಟು ಒತ್ತಡ ಸಿಗುತ್ತದೆಂಬುದನ್ನು ಇಷ್ಟು ವರ್ಷ ವಿನಿಯರ್ ಅಂಟಿಸಿದ ನಾನು ಕಣ್ಣಾರೆ ಕಂಡದ್ದು ಅದೇ ಮೊದಲು. ಸಂಜೆ ನಿರೀಕ್ಷಿಸಿದಂತೆಯೇ ಕರೆಂಟು ಹೋಯಿತು. ಜನರೇಟರನ್ನು ಮೊದಲೇ ಜೋಡಿಸಿಟ್ಟಿದ್ದರಿಂದ ಪಂಪ್ ನಿಲ್ಲಲಿಲ್ಲ, ಅದರ ಸದ್ದಿಗೆ ಪಕ್ಕದ ಮನೆಯವರು ಮಾತ್ರ ಎರಡು ಸಲ ಬಂದು ಇಣುಕಿದರು.

ಮರುದಿನ ಚೀಲ ಬಿಚ್ಚಿದಾಗ ಅಂಟು ಕಲ್ಲಾಗಿತ್ತು. ಫೀನಾಲ್ಕಮೀನಿನ ಬಣ್ಣವೇ ಕೆಂಗಂದು; ಅದನ್ನು ಹೀರಿದ ಅಗಸೆ ಬಟ್ಟೆ ಪಾರದರ್ಶಕ ಹಾಳೆಯ ಕೆಳಗೆ ಹಳೆಯ ಬೀಟೆಯ ಬಣ್ಣಕ್ಕೆ ತಿರುಗಿತ್ತು. ಅಂಚುಗಳನ್ನು ಕೊಯ್ದು ಉಜ್ಜಿ, ಸುಸ್ಥಿತಿಯಲ್ಲಿದ್ದ ಹಳೆಯ ಹಲಗೆಯ ಪಕ್ಕದಲ್ಲಿಟ್ಟು ಬಾಗಿಸಿ ನೋಡಿದೆವು. ಎರಡು ಸ್ಟೂಲುಗಳ ಮೇಲೆ ತುದಿಗಳನ್ನಿಟ್ಟು, ನಡುವೆ 25 ಕಿಲೋ ಅಕ್ಕಿಯ ಚೀಲವನ್ನು ತೂಗಿಹಾಕಿದಾಗ ನಮ್ಮದು ಕಡಿಮೆ ಬಾಗಿತು. ತೂಕವೂ ಹಳೆಯದಕ್ಕಿಂತ ತುಸು ಹೆಚ್ಚೇ ಇತ್ತು. ಉಕ್ಕಿನ ಅಂಚು, ತಳದ ಪಾಲಿಎಥಿಲೀನ್, ಕೆಳಪದರದ ಗಾಜು, ಎಪಾಕ್ಸಿಯ ರೆಸಿನ್ ಭಾಗ, ಇವು ಯಾವುವೂ ಗಿಡದಿಂದ ಬಂದವಲ್ಲ. ಇವುಗಳಲ್ಲಿ ಮೊದಲ ಎರಡಕ್ಕೆ ಬದಲಿಯನ್ನು ಹುಡುಕುವುದು ಸದ್ಯಕ್ಕೆ ವ್ಯರ್ಥ ಎಂಬುದು ನನ್ನ ಅಭಿಪ್ರಾಯ; ರೆಸಿನ್ ಮತ್ತು ನಾರಿನಲ್ಲಿ ಇನ್ನೂ ಮಾಡಲಿಕ್ಕಿದೆ.

ಜನವರಿಯಲ್ಲಿ ಸೊಸೆ ಗುಲ್ಮಾರ್ಗದಿಂದ ಫೋನ್ ಮಾಡಿದಳು. ಗಟ್ಟಿ ಹಿಮದಲ್ಲಿ ಹಲಗೆ ಅದುರುವುದಿಲ್ಲ, ಪುಡಿಹಿಮದಲ್ಲಿ ಮಾತ್ರ ಮುಂತುದಿ ಏಳಲು ತಡಮಾಡುತ್ತದೆ, ಬಿಗಿತ ಹೆಚ್ಚಾಯಿತು ಎಂದಳು. ಮುಂದಿನ ತಿರುಳನ್ನು ಅರ್ಧ ಮಿಲಿಮೀಟರ್ ತೆಳು ಮಾಡಬೇಕಂತೆ. ಹಲಗೆಯ ದಪ್ಪದಲ್ಲಿ ಸ್ವಲ್ಪವೇ ವ್ಯತ್ಯಾಸವಾದರೂ ಬಿಗಿತದಲ್ಲಿ ಅದರ ಎಷ್ಟೋ ಪಟ್ಟು ವ್ಯತ್ಯಾಸವಾಗುವುದರಿಂದ ಅವಳ ಬೇಡಿಕೆ ಸರಿಯಾದದ್ದೇ. ತುದಿಗಳ ಕಡೆ ಬಿದಿರಿನ ಪಟ್ಟಿಗಳನ್ನು ಕಡಿಮೆ ಮಾಡಿ ಹೆಬ್ಬೇವನ್ನು ಹೆಚ್ಚಿಸುವುದೂ ನನ್ನ ಯೋಚನೆಯಲ್ಲಿದೆ. ಈ ಸಲ ಮೇಸ್ತ್ರಿಯವರನ್ನು ಕರೆಯಲು ನಾನು ಮಲ್ಪೆಗೆ ಹೋಗಬೇಕಾಗಿ ಬರಲಿಲ್ಲ. ಡಬ್ಬಿಯಲ್ಲಿ ಉಳಿದಿದ್ದ ಹಾರ್ಡನರನ್ನು ಕೇಳಿಕೊಂಡು ಅವರೇ ಬಂದರು. ಒದ್ದೆ ಮರಕ್ಕೂ ಹಿಡಿಯುವ ಅಂಟಾದರೆ, ಮಳೆಗಾಲದಲ್ಲಿ ಮೇಲೆಳೆದ ಮರದ ದೋಣಿಯ ತಳ ಒಣಗುವವರೆಗೆ ಕಾಯದೆ ಪ್ಯಾಚ್ ಹಾಕಬಹುದೇ ಎಂದು ನೋಡಬೇಕಿತ್ತಂತೆ. ಡಬ್ಬಿಯೊಂದಿಗೆ ಸೊಸೆಯ ತಕ್ಕಡಿಯನ್ನೂ ಒಯ್ದರು.